ಡ್ರಾಮಾ ಮೇಷ್ಟ್ರೂ, ಡ್ರ್ಯಾಗನ್ನೂ, ನಾನೂ

ಇಲ್ಲಿ ಏನಾದ್ರೂ ಬರೆದು ಎರಡು ತಿಂಗಳಾದ್ರೂ ಆಗಿರಬೇಕು. ಎಲ್ಲಿ ಕಾಣೆಯಾದೆ ಅಂತ ಕೇಳಿದವರಿಗೆಲ್ಲ "ಆಫೀಸಲ್ಲಿ ರಿಲೀಸ್ ಇತ್ತು" ಅಂತ ಹೇಳಿ ತಪ್ಪಿಸಿಕೊಂಡಿದ್ದೀನಿ. ಅದು ಅರ್ಧ ಸತ್ಯ. ಉಳಿದ ಅರ್ಧ ಏನಪ್ಪಾ ಅಂದ್ರೆ, ಎರಡು ವಾರಕ್ಕೊಂದು ಭಾನುವಾರ ಕುಂದಾಣದ ನಮ್ಮಜ್ಜಿ ಮನೆ ಜಗಲಿ ಮೇಲೆ ನಾಲ್ಕು ಜನರನ್ನ ಕೂರಿಸ್ಕೊಂಡು ರಾಜ, ರಾಕ್ಷಸ, ಮಂತ್ರವಾದಿ ಅಂತ ಒಂದು ಆಟ ಆಡಿಸ್ತಾ ಇದ್ದೀನಿ. ಮಿಕ್ಕ ಭಾನುವಾರ ಅದಕ್ಕೆ ತಯಾರಿ. ನಗಬೇಡಿ, ಸ್ವಲ್ಪ ಓದಿ ಆಮೇಲೆ ನಗಿ :-)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂತಾರೆ. ಕಂಪ್ಯೂಟರ್ ಬೇಡ, ಬೋರ್ಡು ಕೂಡ ಇರಲೇಬೇಕು ಅಂತಿಲ್ಲ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ ತಗೊಳ್ತಾರೆ. ಒಬ್ಬ ಮಾತ್ರ ತಗೊಳ್ಳಲ್ಲ. ಅವನೇ ಗೇಮ್ ಮಾಸ್ಟರ್. "ಬೆಟ್ಟದ ಬುಡದಲ್ಲಿ ನಿಂತಿದ್ದೀರಿ, ಕತ್ತಲಾಗ್ತಾ ಇದೆ, ಮೇಲೆ ಯಾರೋ ದೀವಟಿಗೆ ಹಿಡಿದು ಓಡಾಡ್ತಿದ್ದಾರೆ. ಏನ್ ಮಾಡ್ತೀರಿ?" ಅಂತ ಅವನು ಕೇಳ್ತಾನೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತೆ, ಏನು ಮಾತಾಡುತ್ತೆ ಅಂತ ಹೇಳ್ತಾರೆ. ಮಾಡಿದ್ದು ಕೈಗೂಡುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ದಾಳ ಉರುಳಿಸೋದು. ಅಷ್ಟೇ ಆಟ. ಊರಿನ ಜನ, ಶತ್ರುಗಳು, ದೆವ್ವ, ಮಳೆ, ಬಿಸಿಲು ಎಲ್ಲಾ ಗೇಮ್ ಮಾಸ್ಟರ್ ತಲೆ ಮೇಲೆ.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಹೆಸರಿಟ್ಟು ಮೂರು ಸಣ್ಣ ಪುಸ್ತಕಗಳನ್ನ ಒಂದು ಡಬ್ಬಿಗೆ ಹಾಕಿ ಮಾರಿದ್ರು. ಅದೇ ಈ ಆಟಗಳಿಗೆಲ್ಲ ಮೂಲ. ಪುಟ್ಟ ಗೊಂಬೆ ಸೈನಿಕರನ್ನ ಮೇಜಿನ ಮೇಲೆ ಜೋಡಿಸಿ ಯುದ್ಧ ಆಡೋ ಗುಂಪುಗಳಿಂದ ಬಂದವರು ಅವರು. ಹಾಗಾಗಿ ಆ ಮೊದಲ ಪುಸ್ತಕಗಳಲ್ಲಿ ಆಟ ನಡೆಸೋನಿಗೆ ರೆಫರಿ ಅಂತಲೇ ಹೆಸರು.

ನಮ್ಮಜ್ಜಿ ಮಾತ್ರ ಮೊದಲ ದಿನವೇ ಬೇರೆ ಹೆಸರು ಕೊಟ್ಟರು. ಒಳಗಿಂದ ಬಂದು ಸ್ವಲ್ಪ ಹೊತ್ತು ನಿಂತು ನೋಡಿ, "ಏನ್ಲಾ ಇದು, ಡ್ರಾಮಾ ಪ್ರಾಕ್ಟೀಸಾ? ನೀನೇ ಮೇಷ್ಟ್ರಾ?" ಅಂದ್ರು.

ನಮ್ಮ ಕಡೆಯವರಿಗೆ ಇದನ್ನ ವಿವರಿಸೋದು ಬೇಡ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಅಂದ್ರೆ 'ಕುರುಕ್ಷೇತ್ರ' ನಾಟಕ ಇದ್ದದ್ದೇ. ದುರ್ಯೋಧನನ ಪಾರ್ಟಿಗೆ ಇಷ್ಟು, ಕೃಷ್ಣನ ಪಾರ್ಟಿಗೆ ಇಷ್ಟು ಅಂತ ಪಾರ್ಟು ಮಾಡೋರೇ ದುಡ್ಡು ಹಾಕ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಕೂತು ಕಂದ, ಹಾಡು, ಮಾತು ಎಲ್ಲಾ ಬಾಯಿಪಾಠ ಮಾಡಿಸ್ತಾರೆ. ನಾಟಕದ ದಿನ ರಂಗದ ಮುಂದೆ ಹಾರ್ಮೋನಿಯಂ ಇಟ್ಕೊಂಡು ಕೂತು, ಭೀಮನ ಪಾರ್ಟಿನವನು ಮಾತು ಮರೆತರೆ ಎತ್ತಿ ಕೊಡ್ತಾರೆ. ಶ್ರುತಿ ಬಿಟ್ಟವನನ್ನ ಕಣ್ಣಲ್ಲೇ ಗದರಿಸ್ತಾರೆ. ಅವರು ರಂಗ ಹತ್ತಲ್ಲ, ಬಣ್ಣ ಹಚ್ಚಲ್ಲ. ಅವರಿಲ್ಲದೆ ನಾಟಕ ಮಾತ್ರ ಇಲ್ಲ.

ಅಜ್ಜಿ ಮಾತು ಕೇಳಿ ನಂಗೆ ಖುಷಿಯಾಗಿತ್ತು. ಹೌದು, ನಾನೇ ಮೇಷ್ಟ್ರು ಅಂತ ಬೀಗಿದ್ದೆ. ಅಲ್ಲೇ ನಾನು ಎಡವಿದ್ದು. ಡ್ರಾಮಾ ಮೇಷ್ಟ್ರ ಕೈಯಲ್ಲಿ ಬರೆದಿಟ್ಟ ನಾಟಕ ಇರುತ್ತೆ. ಗೇಮ್ ಮಾಸ್ಟರ್ ಕೈಯಲ್ಲಿ ಇರಬಾರದು. ಇದನ್ನ ಅರ್ಥ ಮಾಡಿಕೊಳ್ಳೋಕೆ ನಂಗೆ ಆರು ತಿಂಗಳು ಹಿಡೀತು, ಮತ್ತೆ ನನ್ನ ತಮ್ಮನ ಮನಸ್ಸಿಗೆ ನೋವೂ ಆಯ್ತು. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಆಡುವವರ ಪರಿಚಯ. ಒಬ್ಬ ನನ್ನ ಚಿಕ್ಕಪ್ಪನ ಮಗ, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸ್ತಾನೆ, ಮನೇಲಿ ಎರಡು ಸೀಮೆಹಸು ಇದೆ. ಇನ್ನೊಬ್ಬಳು ಅತ್ತೆ ಮಗಳು, ಬಿಕಾಂ ಓದ್ತಿದ್ದಾಳೆ. ಮೂರನೆಯವನು ಊರಲ್ಲಿ ಮೊಬೈಲ್ ಅಂಗಡಿ ಇಟ್ಟಿರೋ ಹುಡುಗ. ನಾಲ್ಕನೆಯವನು ಪುತ್ತೂರಿನ ಕಡೆಯ ನನ್ನ ಸಹೋದ್ಯೋಗಿ, ಹೆಬ್ಬಾಳದಿಂದ ಬೈಕಲ್ಲಿ ಬರ್ತಾನೆ.

ಈ ಆಟ ನಾನು ಕಲಿತದ್ದು ಬೆಂಗಳೂರಲ್ಲಿ, ಒಂದು ಗೆಳೆಯರ ಗುಂಪಿನಲ್ಲಿ. ಅಲ್ಲಿ ಎಲ್ಲಾ ಇಂಗ್ಲಿಷ್. ಎಂಟು ತಿಂಗಳು ಆಡಿದೆ. ನನ್ನ ಪಾತ್ರ ಒಬ್ಬ ಕುಳ್ಳ ಯೋಧ. ಅವನು ಆ ಎಂಟು ತಿಂಗಳಲ್ಲಿ ಆಡಿದ ಮಾತು ಒಂದು ಪುಟಕ್ಕೆ ಆಗಲ್ಲ. ಹೊಡಿ, ಬಡಿ, ಬಾಗಿಲು ಒಡಿ, ಅಷ್ಟೇ. ಮೀಟಿಂಗಲ್ಲಿ ನಾನು ಚೆನ್ನಾಗೇ ಇಂಗ್ಲಿಷ್ ಮಾತಾಡ್ತೀನಿ. ಆದ್ರೆ ರಾಜನ ಮುಂದೆ ಮಂಡಿಯೂರಿ ಕ್ಷಮೆ ಕೇಳೋ ಇಂಗ್ಲಿಷ್, ಸಂತೇಲಿ ಜಗಳ ಆಡೋ ಇಂಗ್ಲಿಷ್ ನನ್ನತ್ರ ಇಲ್ಲ. ಅದೇ ಕನ್ನಡದಲ್ಲಿ? ರಾಜನಿಗೆ ನಾಟಕದ ಕನ್ನಡ, ತಳವಾರನಿಗೆ ನಮ್ಮೂರ ಕನ್ನಡ, ಪುತ್ತೂರಿನವನು ಆಡೋ ಮಂತ್ರವಾದಿಗೆ ಅವನ ಊರಿನ ಕನ್ನಡ. ಒಬ್ಬೊಬ್ಬರಿಗೆ ಒಂದೊಂದು ಧ್ವನಿ ತಾನಾಗೇ ಬಂದುಬಿಡುತ್ತೆ. ನನ್ನ ತಮ್ಮ ಶಾಲೆ ದಿನಗಳಿಂದ ಮಾತು ಕಮ್ಮಿ. ಊರ ನಾಟಕದಲ್ಲಿ ದುಡ್ಡಿಲ್ಲದೆ ಸಣ್ಣದೊಂದು ಪಾರ್ಟು ಮಾಡಿದ್ದ, ಮೂರು ಮಾತು ಇತ್ತಂತೆ. ಜಗಲಿ ಮೇಲೆ ಎರಡನೇ ವಾರಕ್ಕೇ ಸೇನಾಪತಿ ಮುಂದೆ ನಿಂತು ಅವನು ಹೊಡೆದ ಡೈಲಾಗು ಕೇಳಿ ಅಜ್ಜಿ ಒಳಗಿಂದ "ವನ್ಸ್ ಮೋರ್" ಅಂದ್ರು! ಇಲ್ಲಿ ದುರ್ಯೋಧನನಷ್ಟು ದೊಡ್ಡ ಪಾರ್ಟು ಎಲ್ಲರಿಗೂ ಉಂಟು, ದುಡ್ಡು ಹಾಕೋದು ಬೇಡ.

ಕನ್ನಡದಲ್ಲಿ ಆಡಿಸೋ ಕಷ್ಟ ಅಂದ್ರೆ ಪದ ಹುಡುಕೋದು. ಪೆಟ್ಟು ಬಿದ್ದಾಗ ಕಮ್ಮಿಯಾಗೋ ಹಿಟ್ ಪಾಯಿಂಟಿಗೆ ಮೊದಲು 'ಪ್ರಾಣಾಂಕ' ಅಂತ ಬರೆದುಕೊಂಡು ಹೋಗಿದ್ದೆ. ಯಾರೂ ಬಳಸಲಿಲ್ಲ. "ನಂಗಿನ್ನು ಎಷ್ಟು ಉಸಿರೈತೆ?" ಅಂತ ತಮ್ಮ ಕೇಳಿದ, ಅವತ್ತಿಂದ ಅದು ಉಸಿರು. ಡಂಜನ್ನಿಗೆ 'ಭೂಗತ ಬಂದೀಖಾನೆ' ಅಂತಿದ್ದೆ. ಅತ್ತೆ ಮಗಳು "ಹಗೇವು ಅನ್ನಪ್ಪ, ಸಾಕು" ಅಂದಳು. ರಾಗಿ ತುಂಬಿಡೋಕೆ ನೆಲದಲ್ಲಿ ತೋಡ್ತಿದ್ದ ಗುಂಡಿ. ಇಳಿದರೆ ಉಸಿರುಗಟ್ಟುತ್ತೆ ಅನ್ನೋ ಹೆದರಿಕೆ ಹಳೇ ಕಾಲದವರಿಗೆಲ್ಲ ಗೊತ್ತು. ಇದಕ್ಕಿಂತ ಒಳ್ಳೆ ಡಂಜನ್ ಬೇಕಾ? ಪದ ಹುಟ್ಟಿಸೋದು ನನ್ನ ಕೆಲಸ ಅಲ್ಲ, ಅವರ ಬಾಯಲ್ಲಿ ಬಂದದ್ದನ್ನ ಬರೆದುಕೊಳ್ಳೋದು ನನ್ನ ಕೆಲಸ ಅಂತ ಅಲ್ಲಿ ಕಲಿತೆ. ಅನುವಾದ ಮಾಡೋ ಆಸೆ ಇರುವವರಿಗೆ ಒಂದು ಒಳ್ಳೆ ಸುದ್ದಿ: ಪರವಾನಗಿ ಬದಲಾಯಿಸೋಕೆ ಹೋಗಿ ಆಟಗಾರರ ಸಿಟ್ಟಿಗೆ ಗುರಿಯಾದ ಮೇಲೆ, 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಐದನೇ ಆವೃತ್ತಿಯ ಮೂಲ ನಿಯಮಗಳನ್ನ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟಿದ್ದಾರೆ. ಮೂಲದ ಹೆಸರು ಹೇಳಿದರೆ ಸಾಕು, ಕನ್ನಡಕ್ಕೆ ತರೋಕೆ ಯಾರ ಅಪ್ಪಣೆಯೂ ಬೇಡ.

ದಾಳದ ಕಥೆ ಇನ್ನೊಂದು. ಇಪ್ಪತ್ತು ಮುಖದ ದಾಳ ತಂದಿದ್ದೆ. ಮೂರನೇ ವಾರ ಪಕ್ಕದ ಮನೆ ಮಗು ಅದನ್ನ ಎತ್ಕೊಂಡು ಹೋಗಿ ಚರಂಡಿಗೆ ಹಾಕ್ತು. ಅಜ್ಜಿ ಚೌಕಾಬಾರದ ಡಬ್ಬಿಯಿಂದ ಏಳು ಕವಡೆ ತೆಗೆದುಕೊಟ್ಟರು. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತೋ ಅಷ್ಟು ಅಂಕ. ತಾತ್ಕಾಲಿಕ ಅಂದ್ಕೊಂಡಿದ್ದೆ, ಈಗ ದಾಳಕ್ಕೆ ವಾಪಸ್ ಹೋಗೋ ಮನಸ್ಸಿಲ್ಲ. ಯಾಕೆ ಅಂದ್ರೆ, ಇಪ್ಪತ್ತು ಮುಖದ ದಾಳದಲ್ಲಿ 1 ಬೀಳೋದೂ 20 ಬೀಳೋದೂ 10 ಬೀಳೋದೂ ಒಂದೇ, ನೂರಕ್ಕೆ 5. ಹತ್ತು ಸಲ ಉರುಳಿಸಿದರೆ ಒಂದು ಸಲವಾದ್ರೂ 1 ಬೀಳೋ ಸಂಭವ ನೂರಕ್ಕೆ 40. ಇಪ್ಪತ್ತು ವರ್ಷ ಕತ್ತಿ ಹಿಡಿದ ವೀರ ಸಂಜೆಯೊಳಗೆ ಒಂದು ಸಲ ಕೋಮಾಳಿ ಆಗ್ತಾನೆ. ಕವಡೆ ಹಾಗಲ್ಲ. ಎರಡೂ ಮಗ್ಗುಲು ಸಮ ಬೀಳುತ್ತೆ ಅಂದ್ಕೊಂಡ್ರೆ (ನಿಜವಾಗಿ ಪೂರ್ತಿ ಸಮ ಅಲ್ಲ) ಏಳು ಕವಡೆಯಲ್ಲಿ ಮೂರೋ ನಾಲ್ಕೋ ಬೀಳೋದು ಅರ್ಧಕ್ಕಿಂತ ಜಾಸ್ತಿ ಸಲ, ಏಳಕ್ಕೆ ಏಳೂ ಬೀಳೋದು 128ಕ್ಕೆ ಒಂದು ಸಲ. ಪಳಗಿದವನು ಪಳಗಿದವನ ಹಾಗೇ ಇರ್ತಾನೆ. ಏಳು ಬಿದ್ದ ದಿನ ಮಾತ್ರ ಇಡೀ ಬೀದಿಗೆ ಕೇಳೋ ಹಾಗೆ ಕೂಗ್ತಾರೆ.

ಇನ್ನು ದಿನ ಹೊಂದಿಸೋದು. ಈ ಆಟ ಆಡಿಸುವವರೆಲ್ಲ ಮೊದಲು ಅಳೋದು ಇದಕ್ಕೇ. ಟ್ಯಾಕ್ಸಿಗೆ ಟ್ರಿಪ್ ಬಂತು, ಅತ್ತೆ ಮಗಳಿಗೆ ಪರೀಕ್ಷೆ ಬಂತು, ಮದುವೆ, ಗೃಹಪ್ರವೇಶ, ತಿಥಿ. ಒಬ್ಬೊಬ್ಬರು ಐದರಲ್ಲಿ ನಾಲ್ಕು ಸಲ ಬರ್ತಾರೆ ಅಂತ ಇಟ್ಕೊಳ್ಳಿ, ಅದು ಒಳ್ಳೆ ಹಾಜರಿನೇ. ಆದ್ರೂ ನಾಲ್ಕೂ ಜನ ಒಟ್ಟಿಗೆ ಬರೋ ಸಂಭವ ನೂರಕ್ಕೆ 41. ಅಂದ್ರೆ ಎಲ್ಲರೂ ಬಂದ್ರೇ ಆಟ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸಲ ಆಟ ಇಲ್ಲ. ಮೂವರು ಬಂದ್ರೂ ಆಟ ಅಂತ ಮಾಡಿದರೆ ಅದು ನೂರಕ್ಕೆ 82. ಸರಿಯಾಗಿ ಎರಡರಷ್ಟು! ಬಾರದವನ ಪಾತ್ರಕ್ಕೆ ಅವತ್ತು ಜ್ವರ, ಬಿಡಾರದಲ್ಲಿ ಗಂಜಿ ಕುಡಿದು ಮಲಗಿರ್ತಾನೆ. ಇದನ್ನ ಮೊದಲ ದಿನವೇ ಹೇಳಿಬಿಡಿ. ಎಲ್ಲರೂ ಬರಲಿ ಅಂತ ಕಾದು ಕಾದು ಮುಚ್ಚಿಹೋದ ಗುಂಪೇ ನಾನು ಬೆಂಗಳೂರಲ್ಲಿ ಆಡ್ತಿದ್ದದ್ದು.

ಈಗ ತಯಾರಿ ವಿಷಯ. ನಾನು ಇಂಜಿನಿಯರ್ ಅಲ್ವಾ, ಫ್ಲೋಚಾರ್ಟ್ ಹಾಕಿದೆ. ಹೌದಾದರೆ ಇಲ್ಲಿಗೆ, ಇಲ್ಲವಾದರೆ ಅಲ್ಲಿಗೆ, ನಲವತ್ತು ಪುಟ. ಕಥೆಗೆ ಸರಕು ಊರಲ್ಲೇ ಇತ್ತು. ಹೊಯ್ಸಳ ಸೋಮೇಶ್ವರನ ರಾಜ್ಯ ಅವನ ಇಬ್ಬರು ಮಕ್ಕಳ ನಡುವೆ ಪಾಲಾಯ್ತು. ದೋರಸಮುದ್ರ ಮೂರನೇ ನರಸಿಂಹನಿಗೆ, ತಮಿಳು ಸೀಮೆ ಮತ್ತು ಕೋಲಾರದ ಕಡೆಯ ಭಾಗ ರಾಮನಾಥನಿಗೆ. 13ನೇ ಶತಮಾನದ ಕೊನೆಗೆ ಪಾಂಡ್ಯರ ಒತ್ತಡಕ್ಕೆ ತಮಿಳು ಸೀಮೆ ಕೈತಪ್ಪಿದ ಮೇಲೆ ರಾಮನಾಥ ಕುಂದಾಣಿಯಲ್ಲಿ ನೆಲೆ ನಿಂತ. ಆ ಕುಂದಾಣಿ ನಮ್ಮ ಕುಂದಾಣವೇ ಅಂತ ಕೆಲವರು, ಅಲ್ಲ, ಕೃಷ್ಣಗಿರಿ ಕಡೆಯ ಕುಂದಾಣಿ ಅಂತ ಇನ್ನು ಕೆಲವರು. ಇತಿಹಾಸಕಾರರಿಗೆ ಅದು ತಲೆನೋವು, ನನ್ನಂಥವನಿಗೆ ಹಬ್ಬ. ಅಣ್ಣತಮ್ಮಂದಿರ ಜಗಳ, ಗಡಿಯಲ್ಲಿ ನಮ್ಮ ಬೆಟ್ಟ, ಬೆಟ್ಟದೊಳಗೆ ಹಗೇವು, ಹಗೇವಿನಲ್ಲಿ ಏನೋ ಇದೆ. ಮೊದಲ ದಿನ ನಾಲ್ವರೂ ಬೆಟ್ಟ ಹತ್ತಬೇಕಿತ್ತು.

ಹತ್ತಲಿಲ್ಲ. ಸಂತೇಲಿ ಒಂದು ಎತ್ತು ಕೊಳ್ಳೋಕೆ ಹೋದ್ರು. ಚೌಕಾಸಿ ಮೂರು ಗಂಟೆ ನಡೀತು. ಎತ್ತಿನ ಹಲ್ಲು ನೋಡಿದ್ರು, ಸುಳಿ ನೋಡಿದ್ರು, ದಲ್ಲಾಳಿಯ ಜೊತೆ ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡಿದ್ರು. ನನ್ನ ನಲವತ್ತು ಪುಟದಲ್ಲಿ ಎತ್ತಿನ ಸುದ್ದಿಯೇ ಇಲ್ಲ. ಅವತ್ತು ಸಿಟ್ಟು ಬಂದಿತ್ತು. ಈಗ ನೆನೆದರೆ ನಮ್ಮ ಆಟದ ಅತ್ಯಂತ ಒಳ್ಳೆ ದಿನಗಳಲ್ಲಿ ಅದೂ ಒಂದು. ಆ ಎತ್ತು ಇನ್ನೂ ನಮ್ಮ ಕಥೆಯಲ್ಲಿದೆ.

ಇನ್ನೊಂದು ದಿನ ಬೆಟ್ಟದ ಹಗೇವಿನಲ್ಲಿ ಹೆಣ್ಣು ದೆವ್ವ. ನಿಮ್ಮ ಅಮ್ಮನ ದನಿಯಲ್ಲಿ ಕರೆಯುತ್ತೆ, ಓಗೊಟ್ಟರೆ ಮುಗೀತು. ನಾನು ನಾಲ್ಕು ವಾರದ ಸಾಹಸ ಅಂತ ಯೋಚಿಸಿದ್ದೆ. ಮೊಬೈಲ್ ಅಂಗಡಿ ಹುಡುಗ ತಣ್ಣಗೆ, "ನಾನು ಗುರಾಣಿ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೀತೀನಣ್ಣ" ಅಂದ! ತೊಂಬತ್ತರ ದಶಕದಲ್ಲಿ ಬೆಂಗಳೂರು ಸುತ್ತ ಮನೆ ಬಾಗಿಲ ಮೇಲೆಲ್ಲ ಇದ್ದ ಬರಹ, ಅವನು ಹುಟ್ಟೋಕೂ ಮುಂಚೆಯದು. ಒಪ್ಪೋದಾ ಬಿಡೋದಾ? ಒಪ್ಪಿದರೆ ನನ್ನ ನಾಲ್ಕು ವಾರ ನಾಲ್ಕು ನಿಮಿಷ. ಬೇಡ ಅಂದ್ರೆ ಒಳ್ಳೆ ಉಪಾಯಕ್ಕೆ ಬೆಲೆ ಇಲ್ಲದ ಹಾಗೆ. ಅಷ್ಟರಲ್ಲಿ ಅತ್ತೆ ಮಗಳೇ ಕೇಳಿದಳು, "ಹೊಯ್ಸಳರ ಕಾಲದ ದೆವ್ವ, ಅದಕ್ಕೆ ನಮ್ಮ ಕನ್ನಡ ಓದೋಕೆ ಬರುತ್ತಾ?" ಸರಿ, ಹಳೇ ಲಿಪಿ ಬಲ್ಲ ಶಾಸನ ಕೊರೆಯುವವನನ್ನ ಹುಡುಕೋಕೆ ಹೊರಟರು. ನಾನು ಬರೆಯದ ಸಾಹಸ, ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು. ಅವತ್ತಿಂದ ನನ್ನ ತಯಾರಿ ಒಂದೇ ಹಾಳೆ. ಯಾರ್ಯಾರಿಗೆ ಏನು ಬೇಕು, ಯಾರ ಹತ್ರ ಏನಿದೆ, ಯಾರಿಗೆ ಯಾರ ಮೇಲೆ ಸಿಟ್ಟು. ಮುಂದೆ ಏನಾಗಬೇಕು ಅಂತ ಬರೆಯಲ್ಲ.

ಮಾತಾಡೋರ ಕಷ್ಟ ಬೇರೆ. ಪುತ್ತೂರಿನ ಗೆಳೆಯ ತಾಳಮದ್ದಳೆ ಕೇಳಿಕೊಂಡೇ ಬೆಳೆದವನು. ಬಾಯಿ ಬಿಟ್ಟರೆ ಅರ್ಧ ಗಂಟೆ. ಉಳಿದ ಮೂವರು ಚಹಾ ಕುಡೀತಾ ಕೂರಬೇಕು. ಹೇಗೆ ನಿಲ್ಲಿಸೋದು ಅಂತ ಅವನನ್ನೇ ಕೇಳಿದೆ. ನಿಮ್ಮಲ್ಲಿ ಹೇಗೆ ಮಾಡ್ತಾರೆ ಅಂತ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಆ ಹೊತ್ತಿಗೆ ಹೊಳೆದ ಮಾತು ಆಡ್ತಾರೆ, ವಾದಕ್ಕೆ ಇಳೀತಾರೆ. ನಮ್ಮ ಆಟಕ್ಕೆ ಕುರುಕ್ಷೇತ್ರ ನಾಟಕಕ್ಕಿಂತ ಇದೇ ಹತ್ತಿರದ ನೆಂಟ. ಮಾತು ಅತಿಯಾದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ತಾರೆ, ಅರ್ಥಧಾರಿ ಸುಮ್ಮನಾಗಲೇಬೇಕು ಅಂದ. ಈಗ ಅವನ ಮಾತು ಉದ್ದವಾದರೆ ನಾನು ಇನ್ನೊಬ್ಬರ ಕಡೆ ತಿರುಗಿ "ಇದೆಲ್ಲ ನಡೀತಿರೋವಾಗ ನೀನೇನು ಮಾಡ್ತಿದ್ದೀಯ?" ಅಂತ ಕೇಳ್ತೀನಿ. ಅದೇ ನನ್ನ ಪದ್ಯ. ಅವನಿಗೂ ಬೇಜಾರಿಲ್ಲ.

ಅವನು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿಸಿದ್ದ. ರಾಮನನ್ನ ಪ್ರಶ್ನೆ ಕೇಳಿ ಕೇಳಿ ಕಟ್ಟಿಹಾಕೋ ವಾಲಿ. ವಾದದಲ್ಲಿ ವಾಲಿ ಎಷ್ಟೇ ಗೆಲ್ಲಲಿ, ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ಅಲ್ಲಿ ಕಥೆ ಎಲ್ಲರಿಗೂ ಗೊತ್ತು, ಅದಕ್ಕೇ ಮಾತಿಗೆ ಅಷ್ಟು ಬೆಲೆ. ನಮ್ಮ ಆಟದಲ್ಲಿ ವಾಲಿ ವಾದದಲ್ಲಿ ಗೆದ್ದರೆ ಬದುಕಬಹುದು. ಹಾಗಿರುವಾಗ ಗೇಮ್ ಮಾಸ್ಟರ್ ಮೊದಲೇ ಅಂತ್ಯ ಬರೆದುಕೊಂಡು ಬಂದರೆ, ಎದುರಿಗಿರೋರ ಮಾತಿಗೆ ಅರ್ಥವೇ ಇರಲ್ಲ.

ಇಷ್ಟೆಲ್ಲ ತಿಳ್ಕೊಂಡ ಮೇಲೂ ನಾನು ತಪ್ಪು ಮಾಡಿದೆ. ಈ ಭಾಗವನ್ನ ತಮ್ಮನಿಗೆ ಓದಿ ಹೇಳಿ, ಅವನು ಹೂಂ ಅಂದ ಮೇಲೇ ಹಾಕ್ತಿದ್ದೀನಿ.

ಕಥೆ ಅಣ್ಣತಮ್ಮಂದಿರ ಪಾಲಿನದು ಅಂದೆನಲ್ಲ. ಮೇಲೆ ಅರಸರ ಜಗಳ, ಕೆಳಗೆ ಊರಲ್ಲೂ ಅದೇ ಇರಲಿ, ಕಥೆಗೆ ತೂಕ ಬರುತ್ತೆ ಅಂತ ಯೋಚನೆ ಬಂತು. ತಮ್ಮನ ಪಾತ್ರ ಗಡಿ ಕಾಯೋ ಯೋಧ. ಅವನಿಗೊಬ್ಬ ಅಣ್ಣನನ್ನ ಸೃಷ್ಟಿ ಮಾಡಿದೆ. ಯೋಧ ದೂರ ಇದ್ದಾಗ ಆ ಅಣ್ಣ ನರಸಿಂಹನ ಕಡೆಯವರಿಂದ ಹೊನ್ನು ತಗೊಂಡು, ವಯಸ್ಸಾದ ಅಪ್ಪನ ಕೈಲಿ ಬೆಟ್ಟದ ಬುಡದ ಹೊಲ ಬರೆಸಿಕೊಟ್ಟುಬಿಟ್ಟಿದ್ದಾನೆ. ಊರಿಗೆ ವಾಪಸ್ ಬಂದ ಯೋಧನಿಗೆ ಹೊಲದಲ್ಲಿ ಹೊಸ ಗಡಿಕಲ್ಲು ಕಾಣುತ್ತೆ. ಒಳ್ಳೆ ಟ್ವಿಸ್ಟ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಗಡಿಕಲ್ಲಿನ ವರ್ಣನೆ ಮುಗಿಸಿ "ಏನ್ ಮಾಡ್ತೀಯ?" ಅಂದೆ. ಅವನು ಮಾತಾಡಲಿಲ್ಲ. ಕವಡೆ ಕೈಲಿ ಆಡಿಸ್ತಾ ಕೂತ. ಆಮೇಲೆ "ಸಾಕು ಕಣಣ್ಣ ಇವತ್ತು, ಹಾಲು ಕರೆಯೋ ಹೊತ್ತಾಯ್ತು" ಅಂತ ಎದ್ದು ಹೋದ. ಮಧ್ಯಾಹ್ನ ಎರಡೂವರೆ ಆಗಿತ್ತು ಅಷ್ಟೇ.

ಹೋದ ಮೇಲೆ ನಂಗೆ ಹೊಳೀತು. ಮೂರು ವರ್ಷದ ಹಿಂದೆ ಚಿಕ್ಕಪ್ಪನ ಎರಡೆಕರೆ ಒಂದು ಲೇಔಟಿಗೆ ಹೋಯ್ತು. ಮಾತುಕತೆ ಮಾಡಿ ಚಿಕ್ಕಪ್ಪನ ಕೈಲಿ ರುಜು ಹಾಕಿಸಿದವನು ಇವನ ಸ್ವಂತ ಅಣ್ಣ. ಇವನು ಅವತ್ತು ಊರಲ್ಲಿರಲಿಲ್ಲ. ಅವತ್ತಿಂದ ಅಣ್ಣತಮ್ಮ ಮಾತಾಡಲ್ಲ. ಇದೆಲ್ಲ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಬೇಕು ಅಂತ ಬರೆದದ್ದಲ್ಲ. ಕಥೆ ಚೆನ್ನಾಗಿ ಬರಲಿ ಅನ್ನೋ ಭರದಲ್ಲಿ, ಆ ಹಾಳೆ ಯಾರ ಮುಂದೆ ಓದ್ತೀನಿ ಅನ್ನೋದನ್ನೇ ಮರೆತಿದ್ದೆ. ಏರ್‌ಪೋರ್ಟ್ ಬಂದ 2008ರಿಂದೀಚೆಗೆ ನಮ್ಮ ತಾಲ್ಲೂಕಲ್ಲಿ ನೆಲದ ಮಾತು ಬಂದರೆ ಯಾರ ಮನೇಲೂ ಅದು ಬರೀ ನೆಲದ ಮಾತಾಗಿ ಉಳಿದಿಲ್ಲ. ಅದನ್ನ ನಾನು ಆಟದ ಸಾಮಾನು ಮಾಡಿದ್ದೆ.

ಎರಡು ಭಾನುವಾರ ಅವನು ಬರಲಿಲ್ಲ. ಟ್ರಿಪ್ ಇದೆ ಅಂದ. ಮೂರನೇ ವಾರ ಕೊಟ್ಟಿಗೆ ಹತ್ರ ಹೋದೆ. ಕ್ಷಮಿಸು ಅನ್ನೋ ಮಾತೆಲ್ಲ ನಮ್ಮ ಮನೆಗಳಲ್ಲಿ ರೂಢಿ ಇಲ್ಲ. ಹುಲ್ಲು ಹಾಕೋದು ಮುಗಿಯೋ ತನಕ ನಿಂತಿದ್ದು, "ಆ ಅಣ್ಣನ ಕಥೆ ತೆಗೆದುಬಿಡ್ಲಾ? ಆಗೇ ಇಲ್ಲ ಅಂತ ಮಾಡ್ತೀನಿ" ಅಂದೆ. ಅವನು ಹಸುವಿನ ಕಡೆ ನೋಡ್ಕೊಂಡೇ ಹೇಳಿದ: "ಬ್ಯಾಡ. ಆಗಿದ್ದು ಆಗೋಯ್ತು. ಆ ಅಣ್ಣನ್ನ ಸಾಯಿಸ್ಬ್ಯಾಡ ಅಷ್ಟೇ. ಒಂದ್ಸಲ ನಂಗೆ ಸಿಗಂಗೆ ಮಾಡು, ಮಾತಾಡ್ಬೇಕು."

ಮುಂದಿನ ಭಾನುವಾರ ಸಿಗೋ ಹಾಗೆ ಮಾಡಿದೆ. ಆ ಅಣ್ಣನ ಪಾರ್ಟು ಯಾರು ಮಾಡಬೇಕು? ನಾನೇ. ಗೇಮ್ ಮಾಸ್ಟರ್ ಅಲ್ವಾ. ಯೋಧ ಅಣ್ಣನಿಗೆ ಹೇಳಿದ್ದು ಏನು ಅಂತ ಇಲ್ಲಿ ಬರೆಯಲ್ಲ, ಅದು ಜಗಲಿ ಮೇಲಿನ ಮಾತು. ಇಪ್ಪತ್ತು ನಿಮಿಷ ಆಯ್ತು. ಆ ಅಣ್ಣನ ಪರವಾಗಿ ವಾದ ಮಾಡೋಕೆ ನನ್ನ ಹತ್ರ ಒಳ್ಳೊಳ್ಳೆ ಮಾತು ಇತ್ತು, ಯಾವುದನ್ನೂ ಆಡಲಿಲ್ಲ. ಕೇಳಿಸಿಕೊಂಡೆ. ನಿಯಮದ ಪ್ರಕಾರ ಅಣ್ಣನ ಮನಸ್ಸು ಕರಗುತ್ತೋ ಇಲ್ವೋ ಅಂತ ಕವಡೆ ಹಾಕಿಸಬೇಕು. ಹಾಕಿಸಲಿಲ್ಲ. ಪುತ್ತೂರಿನವನು ಕೂಡ ಒಂದು ಮಾತಾಡಲಿಲ್ಲ ಅಂದ್ರೆ ನೀವೇ ಲೆಕ್ಕ ಹಾಕಿ.

ಇದರಿಂದ ಮನೇಲಿ ಏನೋ ಸರಿಹೋಯ್ತು ಅಂದ್ಕೋಬೇಡಿ. ಅಣ್ಣತಮ್ಮ ಇವತ್ತಿಗೂ ಮಾತಾಡಲ್ಲ. ಆಟ ಆಟವೇ. ಆದ್ರೆ ಅವನು ಮಾತ್ರ ಅವತ್ತಿಂದ ಒಂದು ಭಾನುವಾರವೂ ತಪ್ಪಿಸಿಲ್ಲ.

ದಾಳದ ವಿಷಯದಲ್ಲಿ ಆಟದವರು ಜಗಳ ಆಡ್ತಾರೆ, ಗೇಮ್ ಮಾಸ್ಟರ್ ಗುಟ್ಟಾಗಿ ದಾಳ ಬದಲಾಯಿಸಬಹುದಾ ಅಂತ. ನನ್ನ ಅಭಿಪ್ರಾಯ ಈಗ ಗಟ್ಟಿ: ಬದಲಾಯಿಸಬಾರದು. ಹಾಕಿದ ಕವಡೆ ಎಲ್ಲರ ಕಣ್ಣ ಮುಂದೆ ಹಾಕಬೇಕು, ಬಿದ್ದದ್ದನ್ನ ಒಪ್ಪಬೇಕು. ಆದ್ರೆ ಕವಡೆಗೆ ಬಿಡಬಾರದ ವಿಷಯ ಯಾವುದು ಅಂತ ಕವಡೆ ಎತ್ತೋ ಮುಂಚೆ ತಿಳಿದಿರಬೇಕು. ಅದು ಯಾವ ರೂಲ್ ಬುಕ್ಕಲ್ಲೂ ಸಿಗಲ್ಲ, ಎದುರಿಗೆ ಕೂತವರ ಮುಖದಲ್ಲಿ ಸಿಗುತ್ತೆ. ಬೆಂಗಳೂರಲ್ಲಿ ಆಡೋವಾಗ ಮೇಜಿನ ಮಧ್ಯೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಡ್ತಿದ್ರು, ಜಾನ್ ಸ್ಟಾವ್ರೋಪೋಲಸ್ ಅನ್ನೋರು ರೂಪಿಸಿದ್ದು. ಯಾರಿಗಾದ್ರೂ ಸಂಕಟವಾದರೆ ಅದನ್ನ ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಪ್ರಸಂಗ ಬಿಟ್ಟು ಮುಂದೆ ಹೋಗೋದು. ಇದೆಲ್ಲ ಅಮೆರಿಕದವರ ನಾಜೂಕು ಅಂತ ಆಗ ನಕ್ಕಿದ್ದೆ. ನಮ್ಮಲ್ಲಿ ಇದು ಇನ್ನೂ ಹೆಚ್ಚು ಬೇಕು. ನಾವು ಬಾಯಿಬಿಟ್ಟು ಹೇಳಲ್ಲ, ಹಾಲು ಕರೆಯೋ ಹೊತ್ತಾಯ್ತು ಅಂತ ಎದ್ದು ಹೋಗ್ತೀವಿ. ಈಗ ನಮ್ಮ ಜಗಲಿಯಲ್ಲಿ ಯಾರಾದ್ರೂ ಚಹಾ ಲೋಟ ಬೋರಲು ಹಾಕಿದರೆ ಆ ಮಾತು ಅಲ್ಲಿಗೆ ಬಿಟ್ಟೆವು ಅಂತ ಅರ್ಥ. ಇಲ್ಲಿಯವರೆಗೆ ಒಂದು ಸಲ ಬೋರಲಾಗಿದೆ. ಯಾರು, ಯಾಕೆ ಅಂತ ಯಾರೂ ಕೇಳಲಿಲ್ಲ.

ಅಂತೂ ಅಜ್ಜಿ ಮಾತಲ್ಲಿ ಅರ್ಧ ನಿಜ ಇದೆ. ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿರೋ ನಾಟಕ ನಂಗೆ ಬೇಡ. ಅವರ ಕಿವಿ ಬೇಕು. ಹನ್ನೆರಡು ಜನ ರಂಗದ ಮೇಲೆ ಕೂಗಾಡ್ತಿದ್ರೂ ಯಾವನ ಶ್ರುತಿ ಎಲ್ಲಿ ಇಳೀತು ಅಂತ ಗೊತ್ತಾಗೋ ಆ ಕಿವಿ. ಅದು ಬರೋಕೆ ಇನ್ನೂ ಎಷ್ಟು ಭಾನುವಾರ ಬೇಕೋ.

ನಿಮ್ಮಲ್ಲಿ ಯಾರಾದ್ರೂ ಕನ್ನಡದಲ್ಲಿ ಇಂಥ ಆಟ ಆಡಿಸಿದ್ದೀರಾ? ನಿಮ್ಮೂರ ಕಡೆ ಡಂಜನ್ನಿಗೆ, ಡ್ರ್ಯಾಗನ್ನಿಗೆ ಏನಂತೀರಿ? ಡ್ರ್ಯಾಗನ್ನಿಗೆ ನಮಗಿನ್ನೂ ಹೆಸರು ಸಿಕ್ಕಿಲ್ಲ. ಎತ್ತಿಗೆ ಮಾತ್ರ ಸಿಕ್ಕಿದೆ. ಬಸವ.